ಬೆಕ್ಕಿನ ವರದಿಯ ಕೊನೇ ಪ್ಯಾರಾ

ಅಲ್ಲ ಅಲ್ಲ, ನಾನು ನರ್ಸ್ ಅಲ್ಲ ದೇಯಿಯವರೇ! ಜಾನೆಟ್ ಟೀಚರ್. ನಿಮ್ಮ ಮೋಕ್ಷಾಳ ನಾಲ್ಕನೇ ಕ್ಲಾಸಿನ... ಕೂತ್ಕೊಳ್ಳಿ. ಐಸಿಯು ಒಳಗೆ ಐದು ಗಂಟೆಗೇ ಬಿಡುವುದು. ಕುವೈತಿಂದ ಇಳಿದು ಬಜ್ಪೆ ಏರ್‌ಪೋರ್ಟಿಂದ ನೇರ ಇಲ್ಲಿಗೇ ಬಂದಿರಾ? ಒಂದು ಚಾ ಆದ್ರೂ... ಬೇಡವಾ. ಆಯ್ತು.

ಅವಳ ಪುಸ್ತಕ ತಂದಿದ್ದೇನೆ. ಬೆಕ್ಕಿನ ಬಗ್ಗೆ ವರದಿ. ನೋಡಿ, ಎಷ್ಟು ಚಂದ ಬರ್ದಿದ್ದಾಳೆ! ಆಹಾರ, ವಾಸ, ಮರಿಗಳು... ಆದ್ರೆ ಕೊನೇ ಪ್ಯಾರಾ ಮಾತ್ರ ಈ ಮಕ್ಕಳಿಗೆ ಬರುವುದೇ ಇಲ್ಲ ಮಾರಾಯ್ರೆ. ಎಷ್ಟು ಹೇಳಿ ಕೊಟ್ರೂ ಮುಗಿಸ್ಲಿಕ್ಕೇ ಗೊತ್ತಿಲ್ಲ! ಗೌರವ್ ಅಂತ ಒಬ್ಬ, ಆನೆಯ ಬಗ್ಗೆ ಬರ್ದು ಕಡೆಗೆ 'ನನಗೆ ಹಸಿವಾಗ್ತದೆ' ಅಂತ ಹಾಕಿದ್ದಾನೆ. ನಗು ಬರುದಿಲ್ವಾ?... ಇಲ್ಲ. ಈಗ ಎಂತ ನಗು.

ನಾನು ಬೋರ್ಡಲ್ಲೇ ಬರ್ದು ಕೊಟ್ಟಿದ್ದೆ. ಮೇಲೆ ಹೇಳಿದ್ದನ್ನೇ ಎರಡು ಮಾತಲ್ಲಿ ಹೇಳಿ, ಹೊಸ ಸಂಗತಿ ತರ್ಬೇಡಿ, 'ಆದ್ದರಿಂದ ಬೆಕ್ಕು ಉಪಕಾರಿ ಪ್ರಾಣಿ' ಅಂತ ಮುಗಿಸಿ. ಇಷ್ಟೇ!

ಆ ಪೇಜಾ? ಅದು... ಅವಳೇ ರಬ್ಬರ್ ಹಾಕಿದ್ದು. ತಿರುಗಿಸಿ, ಮುಂದೆ ಚಿತ್ರ ಉಂಟು. ಬೇಡ, ಬೆಳಕಿಗೆ ಹಿಡೀಬೇಡಿ...

ಓದಿದ್ರಾ.

'ಬೆಕ್ಕು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಏಳು ಮನೆ ತಿರುಗುತ್ತದೆ. ಬಿಟ್ಟು ಹೋಗುವುದಿಲ್ಲ. ಅಮ್ಮಾ, ಅಪ್ಪ ನನಗೆ ಬೆಲ್ಟಲ್ಲಿ ಹೊಡೆಯುತ್ತಾರೆ. ನನ್ನನ್ನೂ ಕರಕೊಂಡು ಹೋಗು.'

ಹೌದು, ನಾನೂ ಓದಿದೆ. ಓದಿ ಎಂತ ಮಾಡಿದೆ? ಹೊಸ ಸಂಗತಿ ಅಂತ ಕೆಂಪು ಗೆರೆ ಎಳೆದೆ! ನಲವತ್ತೆರಡು ಪುಸ್ತಕ, ವಾರದ ಕೊನೆಗೆ ಪ್ರದರ್ಶನ... ಮಕ್ಕಳು ಎಂತೆಂತದೋ ಬರೀತಾರೆ ಅಂತ... ಹೊಡೆದದ್ದು ನಾನಲ್ಲವಲ್ಲ! ಸೋಮವಾರ ಸಂಜೆ ಮೆಟ್ಟಿಲಿಂದ ಬಿದ್ದಳು ಅಂತ ನಿಮ್ಮ ಯಜಮಾನ್ರೇ ಹೇಳಿದ್ದು...

ಯಾಕೆ ಹಾಗೆ ನೋಡ್ತೀರಿ? ಬೈಯಿರಿ ದೇಯಿಯವರೇ...

ಅವಳು ಹೀಗೆ ಬರ್ದದ್ದು ನಿಮ್ಮ ಯಜಮಾನ್ರಿಗೆ ಹೇಗೆ ಗೊತ್ತಾಯ್ತು ಅಂತಲಾ?

ನಮ್ಮ ಶಾಲೆಯಲ್ಲಿ ಒಂದು ಕ್ರಮ ಉಂಟು. ತಪ್ಪು ಬರೆದ ಪುಟದ ಫೋಟೊ ಮನೆಯವರ ವಾಟ್ಸಾಪಿಗೆ ಹಾಕುವುದು. ಮನೆಯಲ್ಲಿ ಕೂತು ಹೇಳಿ ಕೊಡ್ಲಿಕ್ಕೆ... ನಿಮ್ಮ ಕುವೈತಿನ ನಂಬರ್ ನಮ್ಮಲ್ಲಿ ಇಲ್ಲ. ಇದ್ದದ್ದು ಅವರದ್ದೇ. ಸೋಮವಾರ ಮೂರೂವರೆಗೆ ಕಳಿಸಿದೆ. ನಾನೇ.

ರಬ್ಬರ್ ಹಾಕಿದ್ದು ಅವಳಲ್ಲ. ನಾನು. ಮಂಗಳವಾರ, ಅವಳು ಇಲ್ಲಿದ್ದಾಳೆ ಅಂತ ಗೊತ್ತಾದ ಮೇಲೆ.