ಮಂಗ್ಯಾನ ಎರಡನೇ ಬಾಟ್ಲಿ

ಹಿಂಗಾಗಿ ಆ ಬಾಟ್ಲಿ ಮಂಗ್ಯಾ ಕುಡದಿಲ್ಲರಿ! ಇದನ್ನ ಹೇಳಬೇಕಂತೇ ಎದ್ದೀನಿ. ತಡೀರಿ, ಪದ್ಧತಿ ಮರ್ತೆ. ಮಾನ್ಯ ಅಧ್ಯಕ್ಷರೇ, ಮಂಗ್ಯಾನ ವರದಿ ತಗೊಂಡು ನಾಳೆ ಹೈದ್ರಾಬಾದಕ್ಕ ಹೊಂಟಿರೋ ನಮ್ಮ ಶಿವರಾಜಪ್ಪ ಡಾಕ್ಟರ್ ಸಾಹೇಬರೇ, ಬೀದರದ ಸಭಿಕರೇ, ನಾ ಹಬೀಬ. ದವಾಖಾನಿ ಹಿಂದಿನ ಖೋಲ್ಯಾಗ ಜನಾವರಕ್ಕ ಮೇವು-ನೀರು ಹಾಕಾಂವ. ಸಾಲಿ ಮೂರನೇತ್ತಾ, ಅದೂ ಮಾಸ್ತರರ ಕರುಣಾ.

ಸಾಹೇಬರದು ಹೊಸ ನಿದ್ದಿ ಔಷಧ. ಅದರ ಚಟಾ ಹತ್ತತದೋ ಇಲ್ಲೋ ನೋಡಬೇಕು. ಮನಷ್ಯಾಗ ಕೊಟ್ಟು ನೋಡಾಕ ಬರಂಗಿಲ್ಲ, ಅದಕ್ಕ ಒಂದು ಮಂಗ್ಯಾ. ಪಂಜರದಾಗ ಎರಡು ಬಾಟ್ಲಿ. ಒಂದ್ರಾಗ ಬರೇ ನೀರು, ಎರಡನೇದ್ರಾಗ ಸಕ್ರಿ ನೀರು, ಔಷಧ. ಮ್ಯಾಲೆ ಗೆರಿ. ಯಾವ್ದು ಎಷ್ಟು ಇಳದದಂತ ಸಾಹೇಬರು ದಿನಾ ಮುಂಜಾನಿ ಬರ್ಕೊಳ್ಳೋರು. ಎರಡನೇದು ಇಳೀತು. ದಿನಾ ಜಾಸ್ತಿ ಇಳೀತು. "ಹಬೀಬ, ಚಟಾ ಹತ್ಯಾದೋ ಇದಕ್ಕ!" ಅಂದ್ರು. "ಹೌದ್ರಿ ಸಾಹೇಬ್ರ, ಕೆಟ್ಟ ಮಂಗ್ಯಾ" ಅಂದೆ ನಾನೂ.

ಮಂಗ್ಯಾ ಮೊದಲನೇ ದಿನಾನೇ ನೆಕ್ಕಿ ಥೂ ಅಂದಿತ್ತು. ಮತ್ತ ಕುಡದಾಂವ ಯಾರು? ನಗ್ರಿ, ನಗ್ರಿ. ಸಂಜಿಗೆ ಸಾಹೇಬರು ಮನಿಗೆ ಹೋಗೋರು. ಎಲ್ಲಾರೂ ಮನಿಗೆ ಹೋಗೋರು. ನನಗ ಮನಿ ಇಲ್ಲೇನು? ಅದ. ನೌಬಾದದಾಗ ಎರಡು ಖೋಲಿ. ಒಂದ್ರಾಗ ನಾ, ಇನ್ನೊಂದು ನನ್ನ ಹೆಂಡ್ತಿ ಬಿಸ್ಮಿಲ್ಲಾಬೀದು. ನಿಜಾಮನ ಮ್ಯಾಲೆ ಫೌಜು ಬಂದು ಊರೂರಾಗ ಕೊಲಿ ಆದ ಪೋಲೀಸ್ ಆ್ಯಕ್ಷನ್ ವರ್ಷ ಮಗಳ್ನ ಕರ್ಕೊಂಡು ಭಾಲ್ಕಿಗೆ ಅಕ್ಕನ ಮನಿಗೆ ಹೋದಳು. "ಎಂಟು ದಿನದಾಗ ಬರ್ತೇವು, ಅಲ್ಲೀತನಾ ರೊಟ್ಟಿ ಬಡ್ಯಾದು ಕಲೀರಿ" ಅಂದ್ಲು. ಬಸ್ ಒಂದೇ ವಾಪಸ್ ಬಂತು. ಐದು ವರ್ಷಾತು. ಈಗ ರೊಟ್ಟಿ ಮಸ್ತ್ ಮಾಡ್ತೀನಿ. ನಗ್ರಿ ಮತ್ತ. ಇದು ನಗೋ ಜಾಗಾರಿ!

ಆಮ್ಯಾಲೆ ಸಾಹೇಬರು ಹತ್ತು ದಿನ ಔಷಧ ಬಂದ್ ಮಾಡಿದ್ರು. ಚಟಾ ಇದ್ರ ಜೀವ ನಡುಗತದಂತ. ಕುರ್ಚಿ ಹಾಕ್ಕೊಂಡು ಮಂಗ್ಯಾನ್ನೇ ನೋಡಿದ್ರು. ಮಂಗ್ಯಾ ಶೇಂಗಾ ತಿಂತು. ಸಾಹೇಬ್ರ, ಆ ಹತ್ತು ದಿನ ನಿಮಗ ಚಾ ತಂದ್ಕೊಟ್ಟಾಂವ ಯಾರು? ದಿನಾ ಅರ್ಧ ಚಾ ಕಪ್ಪಿನ ಕೆಳಗಿನ ಬಸಿದಾಗ ಚೆಲ್ಲಿರ್ತಿತ್ತಲ್ಲ, ಒಮ್ಮೆರೆ ತೆಲಿ ಎತ್ತಿ ನೋಡಬೇಕಿಲ್ಲೇನು?

"ಇಷ್ಟು ಕುಡದದ, ನಡುಗವಲ್ದು ಯಾಕ? ಮಿದುಳು ಕೊಯ್ದು ನೋಡಬೇಕು" ಅಂದ್ರಿ. ನೀವು ಹೊಂಡೂಕಿಂತ ಮೊದಲ, ನಾಳೆ ಮುಂಜಾನಿನೇ ಕೊಯ್ಯೋದದ. ಅದಕ್ಕ ಬಾಯಿ ಬಿಟ್ಟೀನಿ. ನಿಮ್ಮ ವರದಿ ಸುಳ್ಳಲ್ಲ ಸಾಹೇಬ್ರ, ಅಂಕಿ ಎಲ್ಲಾ ಖರೇನ ಅವ. ಮಂಗ್ಯಾ ಅಂತ ಇದ್ದಲ್ಲಿ ಗೀಟು ಹೊಡದು ಹಬೀಬ ಅಂತ ಬರೀರಿ. ಮೂರೇ ಅಕ್ಷರ, ನನಗೂ ಬರೀಲಿಕ್ಕೆ ಬರ್ತದ. ಮಂಗ್ಯಾನ್ನ ಜೀವಂತ ಬಿಡ್ರಿ. ಸಂಜಿಗೆ ಮಾತಾಡಾಕ ನನಗ ಅದೊಂದೇ ಅದ.

ನಕ್ಕೊಂತ ಚಪ್ಪಾಳಿ ಯಾಕ್ರಿ? ಹಬೀಬ ಬಾಯಿ ತೆಗದ್ರ ನಗಬೇಕಂತ ನಿಮಗ ರೂಢಿ ಆಗ್ಯಾದ. ಅದೂ ಒಂದು ಚಟಾ.

ಹಾಂ? ಅಡಗಿ ಮನ್ಯಾಗಿಂದ ಏನು ಕೂಗ್ತಿ ಮಡೆಪ್ಪಾ? ಎಲಿ ಹಾಕ್ಯಾರ? ಬಂದೆ, ಬಂದೆ. ಎಲ್ಲಾರೂ ಊಟಕ್ಕ ಏಳ್ರಿ. ನನ್ನ ಗಿಲಾಸಿಗೆ ಅರ್ಧಾನ ನೀರು ಹಾಕ್ರಿ, ಚೆಲ್ಲತದ. ಒಂದು ಹೋಳಿಗಿ ಎತ್ತಿಡ್ರಿ, ಪಂಜರದಾಗ ಒಂದು ಜೀವ ಉಪಾಸ ಕುಂತದ. ಕೇಳಿದವ್ರಿಗಿ ಶುಕ್ರಿಯಾ, ಬರೇ ನಕ್ಕವ್ರಿಗಿನೂ ಶುಕ್ರಿಯಾ.

ಸಾಹೇಬರೊಬ್ರು ಏಳವಲ್ರು. ನಗವಲ್ರು. ನನ್ನ ಕೈ ನೋಡ್ಲಿಕತ್ತಾರ. ಕಿಸೆದಾಗಿಂದ ಪೆನ್ನು ತೆಗದಾರ.

ನಮಸ್ಕಾರ್ರಿ ಸಾಹೇಬ್ರ.