ಬಣ್ಣ ಕಲಸಿದವರು

…ಅಯ್ಯೋ, ಅದನ್ನೆಲ್ಲ ಓದಬೇಡಿ ಮಾಮ, ಸಹಿ ಹಾಕಿದ್ರೆ ಸಾಕು. ಮೂವತ್ತೇಳು ಪ್ರಶ್ನೆ ಇವೆ, ಓದ್ತಾ ಕೂತ್ರೆ ಕಣ್ಣು ಕತ್ತಲೆ ಬರುತ್ತೆ. ಒಂದು ವಾರದಿಂದ ಓದ್ತಿದ್ದೀನಿ, ತಲೆಬುಡ ಗೊತ್ತಾಗ್ತಿಲ್ಲ. ಮರ ಯಾವ ಕಾಡಿಂದು, ಕಡಿದವರು ಯಾರು, ಹೊಟ್ಟು ಎಲ್ಲಿ ಹಾಕ್ತೀರಿ, ಒಂದು ಗಿಲಕಿ ಮಾಡೋಕೆ ಎಷ್ಟು ಕರೆಂಟು… ಎಷ್ಟು ಕರೆಂಟು ಅಂದ್ರೆ ಏನು ಹೇಳ್ಲಿ? ಅಪ್ಪ ಇದ್ದಿದ್ರೆ ಈ ಕಾಗದಾನ ಒಲೆಗೆ ಹಾಕ್ತಿದ್ರು.

ಯಾಕೆ ನಗ್ತೀರಿ? ನಿಜ ತಾನೆ?

ಕಾನೂನು ಮಾಮ, ಹೊಸಾದು. ಇನ್ಮೇಲೆ ಪ್ರತಿ ಆಟಿಕೆ ಡಬ್ಬಿ ಮೇಲೂ ಒಂದು ಚೌಕದ ಗುರುತು. ಮಗು ಎತ್ಕೊಂಡು ಅಂಗಡೀಲಿ ನಿಂತ ತಾಯಿ ಅದಕ್ಕೆ ಫೋನ್ ಹಿಡಿದ್ರೆ ನಮ್ಮ ಜಾತಕ ಪೂರ್ತಿ ಅವಳ ಕೈಲಿ. ಗುರುತಿಲ್ದೆ ಮುಂದಿನ ತಿಂಗಳಿಂದ ಒಂದಂಗಡಿನೂ ನಮ್ಮ ಮಾಲು ಮುಟ್ಟಲ್ಲ. ಹನ್ನೊಂದು ಜನ ಇದ್ದೀವಿ. ಬೆಳಿಗ್ಗೆ ಲೇತ್ ನಡೆಸೋ ಅಕ್ಕ ಕೇಳಿದ್ಲು, ನಾವು ಬೇರೆ ಕಡೆ ಕೆಲಸ ನೋಡ್ಕೋಬೇಕಾ ಅಂತ.

ಇಲ್ಲಿ ನೋಡಿ, ಹತ್ತೊಂಬತ್ತನೇ ಸಾಲು. 'ಬಣ್ಣ ಕಲಸಿದವರು.' ನೀವೇ ಅಲ್ವಾ? ಅದಕ್ಕೇ ನಿಮ್ಮ ಸಹಿ. ಪಕ್ಕದ್ದು 'ಬಣ್ಣದ ಮೂಲ', ಅದನ್ನ ನಾನೇ ತುಂಬಿದ್ದೀನಿ. ಬೇರು, ಎಲೆ, ದಾಳಿಂಬೆ ಸಿಪ್ಪೆ.

ಹಾಗೇಕೆ ನೋಡ್ತೀರಿ? ತಪ್ಪು ಬರ್ದಿದ್ದೀನಾ?

…ಮಾತಾಡಿ ಮಾಮ. ನಿಮಗೂ ಮಾತಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಹೋದ ವರ್ಷ ಮೊಮ್ಮಗಳಿಗೆ ಅಂತ ಬರೀ ಮರದ ಗಿಲಕಿ ಒಯ್ದಾಗಲೂ ಹೀಗೇ, ತುಟಿ ಬಿಚ್ಚಲಿಲ್ಲ. ಬಣ್ಣದ ಮಾಮನ ಮನೆಗೆ ಬೋಳು ಗಿಲಕಿ! ದೀಪದ ಬುಡದಲ್ಲೇ ಕತ್ತಲೆ ಅಂತ ಎಲ್ರೂ ನಕ್ಕಿದ್ವಿ.

ಬಿಡಿ. ಸೋಮವಾರ ಪರೀಕ್ಷೆಯವರು ಬರ್ತಾರೆ. ನೀವು ಬಣ್ಣಕ್ಕೆ ಕಡ್ಡಿ ಅದ್ದಿ ನಾಲಿಗೆಗೆ ಇಟ್ಟು ನೋಡ್ತಿದ್ರಲ್ಲ, ಅದನ್ನ ಅವರ ಮುಂದೆ ಮಾಡಿ ತೋರ್ಸಿ. ನಲವತ್ತು ವರ್ಷ ಈ ಕಾರ್ಖಾನೆ ನಡೆದಿದ್ದೇ ನಿಮ್ಮ ನಾಲಿಗೆ ಮೇಲೆ. 'ಮಗು ಬಾಯಿಗೆ ಹೋಗೋದು ಮೊದಲು ನನ್ನ ಬಾಯಿಗೆ ಹೋಗ್ಲಿ' ಅಂತಿದ್ರಿ. ಚಿಕ್ಕವಳಿದ್ದಾಗ ನಿಮ್ಮ ಕೆಂಪು ನಾಲಿಗೆ ಕಂಡ್ರೆ ಹೆದರಿ ಓಡ್ತಿದ್ದೆ. ಹಾಗೆ ಮಾಡಿ ಸಾಕು. ಸುಮ್ನೆ ಹತ್ರ ಹಿಡಿದ ಹಾಗೆ. ನಿಜವಾಗ್ಲೂ ಇಟ್ಕೋಬೇಡಿ ಮತ್ತೆ…

ಅಲ್ಲ, ಅಂದ್ರೆ… ನಿಮಗೆ ವಯಸ್ಸಾಯ್ತಲ್ಲ. ಅದಕ್ಕೆ ಹೇಳಿದ್ದು.

ಎಲ್ಲಿಗೆ ಎದ್ರಿ? ಮಾಮ? ಆ ಜಾಡಿ ಈಗ್ಯಾಕೆ? ಮುಚ್ಚಳ ಯಾಕೆ ತೆಗೀತೀರಿ… ಸೋಮವಾರ ಅಂದೆ, ಇವತ್ತಲ್ಲ.

ನನ್ನ ಕಡೆ ಯಾಕೆ ಹಿಡೀತೀರಿ?

ಬೇಡ. ಕಡ್ಡಿ ತೆಗೀರಿ. ತಮಾಷೆ ಸಾಕು… ನಾನು ಯಾಕೆ ನಾಲಿಗೆಗೆ ಇಡ್ಲಿ, ನಂಗೇನು ಬಣ್ಣದ ರುಚಿ ಗೊತ್ತಾಗುತ್ತೆ? ಮಾಮ, ಕೈ ಇಳಿಸಿ. ತೊಟ್ಟಿಕ್ತಿದೆ, ಕಾಗದದ ಮೇಲೆ ಬೀಳುತ್ತೆ…

ಇಡಲ್ಲ ಮಾಮ. ನನ್ನ ಕೈಲಾಗಲ್ಲ.

ಆ ವರ್ಷ ಬಣ್ಣ ಕುದಿಸಿ ಕೊಡ್ತಿದ್ದ ಅಜ್ಜಿ ಹಾಸಿಗೆ ಹಿಡಿದ್ರಲ್ಲ. ನಾಲ್ಕು ಸಾವಿರ ಗಿಲಕಿ ಬೋಳಾಗಿ ಕೂತಿತ್ತು, ಲಾರಿ ಬಾಗಿಲಿಗೆ ಬಂದಿತ್ತು. ಇದೊಂದು ಸಲ ಅಂತ ಪೇಟೆಯಿಂದ ಡಬ್ಬಿ ತಂದೆ. ಕಿಟಕಿ ಬಾಗಿಲಿಗೆ ಬಳಿಯೋ ಬಣ್ಣ. ನಿಮಗೆ ತಿಳೀಬಾರದು ಅಂತ ಅಜ್ಜಿಯ ಜಾಡಿಗೇ ಸುರಿದೆ. ವಾಸನೆ ಬೇರೆ ಅಂದ್ರಿ. ಬೇರು ಹೊಸಾದು ಅಂದೆ. ಆಮೇಲೆ ನೀವು ಕೇಳಲಿಲ್ಲ. ನೀವು ಕೇಳಲಿಲ್ಲ ಅಂತ ನಾನೂ ನಿಲ್ಲಿಸಲಿಲ್ಲ. ಆರು ವರ್ಷ ಆಗೋಯ್ತು ಮಾಮ. ಈಗ ನಿಜ ಬರೆದ್ರೆ ಬೀಗ, ಸುಳ್ಳು ಬರೆದ್ರೆ ಸೋಮವಾರ ಬೀಗ. ಏನು ಬರೀಲಿ ಹೇಳಿ. ಬೈಯಿರಿ ಬೇಕಾದ್ರೆ.

ಜಾಡಿ ಮುಚ್ಚಿ ಕೂತ್ರಾ? ಆಶ್ಚರ್ಯನೂ ಆಗ್ಲಿಲ್ವಾ ನಿಮಗೆ?

…ನೀವು ಕಡ್ಡಿ ನಾಲಿಗೆಗೆ ಇಟ್ಟಿದ್ದು ನಾನು ಕೊನೇ ಸಲ ನೋಡಿದ್ದು ಯಾವಾಗ?

ಗೊತ್ತಿತ್ತು. ಅಲ್ವಾ?

ಅವತ್ತು ಆ ಬೋಳು ಗಿಲಕೀನ ಚೀಲಕ್ಕೆ ಹಾಕ್ಕೊಳ್ವಾಗ ನಾನೇ ಎರಡು ಸಲ ಕೇಳಿದ್ದೆ. ಕೊಡಿ ಮಾಮ, ಮಗೂಗೆ ಅಲ್ವಾ, ನನ್ನ ಕೈಯಾರೆ ಕೆಂಪು ಬಳಿದು ಕೊಡ್ತೀನಿ ಅಂತ. ನೀವು ಚೀಲದ ಬಾಯಿ ಗಟ್ಟಿಯಾಗಿ ಹಿಡ್ಕೊಂಡ್ರಿ.