ಕೊನೇ ಸಾಲಿನ ಎರಡು ಸೀಟು

ಬಸ್‌ಸ್ಟಾಪಿನಲ್ಲಿ ನನ್ನ ಪಕ್ಕ ಬಕೆಟ್ಟು, ಬ್ರಷ್ಷು ಹಿಡಿದ ಗಂಡ ಹೆಂಡತಿ ಕೂತಿದ್ದರು. ಹಳೇ ಸಿನಿಮಾ ಥಿಯೇಟರೊಂದನ್ನು ಪೂರ್ತಿ ತೊಳೆದುಕೊಡಲು ಅವನು ಆಗತಾನೇ ರೇಟು ಹೇಳಿ ಬಂದಿದ್ದ.

"ಸೀಟಿಗಿಷ್ಟು ಅಂತ ತಾನೇ ಹೇಳಿದ್ದು? ಮತ್ತೆ ಲೆಕ್ಕದಲ್ಲಿ ಎರಡು ಸೀಟು ಯಾಕೆ ಕಮ್ಮಿ?" ಹೆಂಡತಿ ಕೇಳಿದಳು.

"ಅವೆರಡು ಬಿಟ್ಟಿ."

"ಯಾಕೆ, ನಿಮ್ಮಪ್ಪನ ಥಿಯೇಟರಾ?"

"ಕೊನೇ ಸಾಲು, ಕಂಬದ ಪಕ್ಕ. ಮದುವೆಗೆ ಮುಂಚೆ ನಾವಿಬ್ರೂ ಕೂತಿದ್ದು ಮರೆತ್ಯಾ? ಅದಕ್ಕೆ ಹೆಂಗೆ ದುಡ್ಡು ಕೇಳ್ಲಿ?"

ಬಸ್ಸು ಬಂತು. ಅವಳು ಬಕೆಟ್ಟು ಎತ್ತಿಕೊಂಡು ಎದ್ದಳು.

"ಅವಕ್ಕೇ ಡಬಲ್ ಹಾಕ್ಬೇಕಿತ್ತು ಕಣೋ. ನನ್ನ ಕೈ ಹಿಡಿಯೋಕೆ ಧೈರ್ಯ ಸಾಲ್ದೆ, ನೀನು ಸಿನಿಮಾ ಮುಗಿಯೋವರೆಗೂ ಸೀಟಿನಡಿ ಬಬಲ್‌ಗಮ್ ಅಂಟಿಸ್ತಾ ಕೂತಿದ್ದೆ. ಈಗ ಅದನ್ನ ಕೆರೆಯೋದೂ ನೀನೇ!"

ಬಕೆಟ್ಟು ಅವನಿಗೆ ಕೊಟ್ಟು, ಅವನ ತೋಳು ಹಿಡಿದು ಹತ್ತಿದಳು.